ಓಡಿದರೂ ಊರು ಸೇರದ ಓಟ!

ಈ ವಾರ ತಾರೆಯರ ಸುದ್ದಿ ಸ್ವಲ್ಪ ಪಕ್ಕಕ್ಕಿಡಿ. ನನ್ನ ಹೊಟ್ಟೆಯ ಸುದ್ದಿ ಹೇಳುತ್ತೇನೆ. ಹೊಟ್ಟೆಪಾಡಿನದಲ್ಲ ಸ್ವಾಮೀ, ಸಾಕ್ಷಾತ್ ಹೊಟ್ಟೆಯದೇ! ವಯಸ್ಸು 28, ತೂಕ 91 ಕೆ.ಜಿ. ಕಳೆದ ತಿಂಗಳು ಹೊಸಪೇಟೆ ಬಸ್ಸು ಹಿಡಿಯಲು ನಾಲ್ಕು ಮಾರು ಓಡಿದವನು ಸೀಟಿನಲ್ಲಿ ಕುಸಿದು, ಊರು ದಾಟಿದರೂ ಏದುಸಿರು ಬಿಡುತ್ತಲೇ ಇದ್ದೆ. ಪಕ್ಕದಲ್ಲಿದ್ದ ಯಜಮಾನರು, "ಏನಪಾ, ಈ ವಯಸ್ಸಿಗೇ ಹಿಂಗಾ?" ಅಂದರು. ಮಾತು ಚುಚ್ಚಿತು.

ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ. ಮನೆಗೊಂದು ಟ್ರೆಡ್‌ಮಿಲ್ ತರಬೇಕು! 'ಬೀದಿಯಲ್ಲಿ ನಡೆಯೋಕೆ ನಿನಗೇನು ದಾಡಿ?' ಎಂದು ನೀವು ಕೇಳಬಹುದು. ನಮ್ಮ ಕೌಲ್ ಬಜಾರ್ ನೋಡಿದವರು ಕೇಳಲಾರರು. ಬೆಳಕು ಹರಿಯುವುದೇ ತಡ, ಜೀನ್ಸ್ ಪ್ಯಾಂಟಿನ ಮೂಟೆ ಹೊತ್ತ ಲಗೇಜ್ ಆಟೋಗಳು. ಅವುಗಳ ಹಿಂದೆ ಧೂಳು. ಧೂಳಿನ ಹಿಂದೆ ನಾಯಿಗಳು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು. ಗುಡ್ಡದ ಬಂಡೆ ಕಾದರೆ ರಾತ್ರಿಯೂ ಆರುವುದಿಲ್ಲ.

ಹೊಸ ಯಂತ್ರದ ಬೆಲೆ ಕೇಳಿದ ಮೇಲೆ ಹಳೆಯದನ್ನು ಹುಡುಕಿದೆ. ಗಾಂಧಿನಗರದ ಒಂದು ಮನೆಯಲ್ಲಿ ಇದೆ ಅಂತ ಗೊತ್ತಾಗಿ ಹೋದೆ. ಮೊದಲಿಗೆ ಯಂತ್ರ ಕಾಣಲೇ ಇಲ್ಲ! ಎರಡು ಲುಂಗಿ, ಒಂದು ಟವೆಲ್ಲು, ಮಗುವಿನ ಸ್ಕೂಲ್ ಯೂನಿಫಾರಂ ಸರಿಸಿದಾಗ ದರ್ಶನವಾಯಿತು. "ಎಷ್ಟು ದಿನ ಓಡಿದೀರಿ ಸಾರ್?" ಅಂದೆ. "ತಂದ ಹೊಸದ್ರಲ್ಲಿ ಹದಿನೈದು ದಿವಸ," ಅಂದರು. ಮನುಷ್ಯ ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಬೆಲೆ ಮಾತ್ರ 18,000. ಕಂತಿನಲ್ಲಿ ಕೊಟ್ಟರೂ ಸರಿಯಂತೆ. ಕೌಲು ಅಂದರೆ ಕರಾರು ತಾನೇ? ನಮ್ಮ ಬಜಾರಿಗೆ ಕಂತು-ಕರಾರು ಹೊಸದೇನಲ್ಲ. ಆದರೆ ಲೇಖನಕ್ಕಿಷ್ಟು ಅಂತ ದುಡಿಯುವವನಿಗೆ ಅದು ಆರೇಳು ತಿಂಗಳ ಉರುಲು.

ಜೊತೆಗೆ ಬಂದಿದ್ದ ಗೆಳೆಯ ಹೊಲಿಗೆ ಮೆಷಿನ್ ರಿಪೇರಿಯವನು. ಮೋಟಾರಿನ ಮೇಲೆ '4 ಎಚ್.ಪಿ.' ಅಂತ ದಪ್ಪಕ್ಷರ, ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ 'ಪೀಕ್'. ಅವನು ನಕ್ಕ. "ಇದು ಒಂದು ಗಳಿಗೆ ದಮ್ಮು ಕಟ್ಟಿ ಎಳೆಯೋ ಶಕ್ತಿ ಕಣಲೇ. ಒಂದೇ ಸಮ ಅರ್ಧ ಗಂಟೆ ಎಳೆಯೋ ಶಕ್ತಿ ಎಷ್ಟು, ಅದನ್ನ ಕೇಳು." ಪೋಸ್ಟರಿನಲ್ಲಿ ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಹಾರಿಸಿದ ಹಾಗೆ ಅನ್ನಿ! ಯಂತ್ರ ತಡೆಯುವ ಭಾರ 100 ಕೆ.ಜಿ.; ನನಗೂ ಅದಕ್ಕೂ ಒಂಬತ್ತೇ ಕೆ.ಜಿ. ಅಂತರ. ಬೆಲ್ಟಿನ ಕೆಳಗೆ ಆಗಾಗ ಸಿಲಿಕೋನ್ ಎಣ್ಣೆ ಬಿಡಬೇಕು, ಅರ್ಥಿಂಗ್ ಸರಿಯಿರಬೇಕು, ಕರೆಂಟು ಹೋದರೆ ಬೀಳದ ಹಾಗೆ ನೋಡಿಕೊಳ್ಳಬೇಕು. ನಮ್ಮದೋ ಮಹಡಿ ಮೇಲಿನ ಒಂದೂವರೆ ಕೋಣೆ. ಯಂತ್ರ ಒಳಗೆ ಬಂದರೆ ಅವ್ವನ ಮಂಚ ಹೊರಗೆ.

ಆದರೆ ಅವ್ವ ಮಂಚದ ಮಾತೇ ಎತ್ತಲಿಲ್ಲ. "ಬ್ಯಾಡ," ಅಂದಳು ಅಷ್ಟೆ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ನಗುತ್ತಿದ್ದ ಪುನೀತ್ ಕಡೆ ಕೈ ತೋರಿಸಿ, "ಅಂಥಾ ಮಗನೇ ಹೋದ," ಅಂದಳು.

2021ರ ಅಕ್ಟೋಬರ್ 29. ನೆನಪಿಲ್ಲದವರು ಯಾರು? 46 ವಯಸ್ಸು, ಕಡೆದ ಮೈ, ದಿನಾ ಕಸರತ್ತು. ಅಂದು ಬೆಳಿಗ್ಗೆ ಕಸರತ್ತು, ಮಧ್ಯಾಹ್ನಕ್ಕೆ ಸಾವಿನ ಸುದ್ದಿ. ಎರಡನ್ನೂ ಜನ ಗಂಟು ಹಾಕಿಬಿಟ್ಟರು. ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಲು ಸಾಲುಗಟ್ಟಿದರು. ಜಿಮ್ಮಿನ ಬಾಗಿಲು ಕಂಡರೆ ತಾಯಂದಿರಿಗೆ ಎದೆ ನಡುಗತೊಡಗಿತು.

ನಮ್ಮವ್ವನ ನಡುಕಕ್ಕೆ ಇನ್ನೊಂದು ಕಾರಣವಿದೆ. ನಮ್ಮಪ್ಪ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. 49ಕ್ಕೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಗ್ಯಾಸು ಅಂತ ಸೋಡಾ ಕುಡಿಸಿದೆವು, ಒಂದು ತಾಸು ಹಾಳಾಯಿತು. ನಾನಾಗ ಪಿಯುಸಿ, ಅಲ್ಲಿಗೇ ಪುಸ್ತಕ ಮಡಚಿದ್ದು.

ಅವ್ವನ ಸಮಾಧಾನಕ್ಕೆ ಡಾಕ್ಟರ ಹತ್ತಿರ ಹೋದೆ. ಅವರು ಯಂತ್ರದ ಬೆಲೆ ಕೇಳಲಿಲ್ಲ, ಅಪ್ಪನ ವಯಸ್ಸು ಕೇಳಿದರು. ಅಪ್ಪನಿಗೋ ಅಣ್ಣ-ತಮ್ಮನಿಗೋ 55ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಮಗ ಹುಷಾರಾಗಿರಬೇಕಂತೆ. "ಕೊಳ್ಳೋದು ಆಮೇಲೆ. ಮೊದಲು ರಕ್ತ ಪರೀಕ್ಷೆ, ಬಿ.ಪಿ., ಇಸಿಜಿ, ಒಂದು ಟಿ.ಎಂ.ಟಿ. ಮಾಡಿಸು," ಅಂದರು. ಉಕ್ಕಿನ ಸೀಮೆಯವನು ನಾನು, ಟಿ.ಎಂ.ಟಿ. ಅಂದರೆ ಮನೆ ಕಟ್ಟುವ ಕಂಬಿ ಅಂದುಕೊಂಡಿದ್ದೆ! ಟ್ರೆಡ್‌ಮಿಲ್ ಟೆಸ್ಟ್ ಅಂತೆ. ನೋಡಿ ತಮಾಷೆ, 18,000ದ ಯಂತ್ರಕ್ಕೆ ಮೊದಲು ಆಸ್ಪತ್ರೆಯ ಯಂತ್ರವೇ ನನ್ನನ್ನು ಹತ್ತಿಸಿಕೊಂಡಿತು.

ಎದೆಗೆಲ್ಲಾ ವೈರು ಅಂಟಿಸಿ ನಿಲ್ಲಿಸಿದರು. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, ಮದುವೆ ದಿಬ್ಬಣದ ನಡಿಗೆ. ಆದರೆ ಹಲಗೆ ಏರುಮುಖ. ಮೂರು ಮೂರು ನಿಮಿಷಕ್ಕೆ ವೇಗವೂ ಏರು, ಏರೂ ಏರು! 220ರಲ್ಲಿ ವಯಸ್ಸು ಕಳೆದು, ಅದರಲ್ಲಿ ನೂರಕ್ಕೆ 85ರಷ್ಟು ಎದೆಬಡಿತ ಮುಟ್ಟಬೇಕು. ನನ್ನ ಲೆಕ್ಕ 163. ಮೂರನೇ ಹಂತದಲ್ಲಿ ಕಣ್ಣೆದುರಿಗೆ ಕುಲದೇವರು ಬಂದರು. ಈ ಯಂತ್ರದ ಅಜ್ಜನನ್ನು 1818ರಲ್ಲಿ ಕ್ಯೂಬಿಟ್ ಎಂಬ ಇಂಗ್ಲೆಂಡಿನ ಇಂಜಿನಿಯರು ಕೈದಿಗಳನ್ನು ದುಡಿಸಲಿಕ್ಕೆ ಮಾಡಿದನಂತೆ. ಅಂದು ಕೈದಿಗಳ ಮೇಲೆ ಕನಿಕರ ಹುಟ್ಟಿತು.

ವರದಿ ಬಂತು: 'ನೆಗೆಟಿವ್'. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಸಿನಿಮಾದಲ್ಲಿ ನೆಗೆಟಿವ್ ಅಂದರೆ ಖಳನಾಯಕ, ಇಲ್ಲಿ ಒಳ್ಳೆ ಸುದ್ದಿ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಹಾಗಂತ ಇದು ಜೀವಮಾನದ ಗ್ಯಾರಂಟಿ ಚೀಟಿ ಅಲ್ಲವೆಂದೂ ಡಾಕ್ಟರು ಎಚ್ಚರಿಸಿದರು. ಸಕ್ಕರೆ ಗಡಿಯಲ್ಲಿದೆ. ಓಡುವುದು ಬೇಡ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಶುರುವಿಗೆ ಸಾಕು. ನಡೆಯುವಾಗ ಎದೆ ಬಿಗಿದರೆ, ಕೈಗೋ ದವಡೆಗೋ ನೋವು ಹರಿದರೆ ಸೋಡಾ ಹುಡುಕಬೇಡ, ಆಸ್ಪತ್ರೆಗೆ ಓಡು. 2023ರಲ್ಲಿ ಸರ್ಕಾರ ಪುನೀತ್ ಹೆಸರಿನಲ್ಲೇ 'ಹೃದಯ ಜ್ಯೋತಿ' ಯೋಜನೆ ಶುರುಮಾಡಿತಲ್ಲ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆ ಕೊಡುವುದಕ್ಕೆ? ಅದನ್ನು ಕೇಳಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. "ನಿಮ್ಮಪ್ಪಗ ಅದು ಇರಲಿಲ್ಲ," ಅಂದಳು ಕಡೆಗೆ.

ಹಾಗಾದರೆ ಯಂತ್ರ ಕೊಂಡೆನೋ ಇಲ್ಲವೋ? ಮಂಡಿನೋವಿನವರು, ರಸ್ತೆಗಿಳಿಯಲು ಹೆದರುವ ಹೆಂಗಸರು, ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಬರುವವರು ಕೊಂಡರೆ ತಪ್ಪೆನ್ನಲಾರೆ. ನನ್ನ ಅಡ್ಡಿ ಬೀದಿಯದಲ್ಲ, ಹಾಸಿಗೆಯದು ಅಂತ ಆಸ್ಪತ್ರೆಯ ಹಲಗೆ ಮೇಲೆ ಗೊತ್ತಾಯಿತು. ಆಟೋಗಳು ಏಳುವ ಮೊದಲು, ಐದೂವರೆಗೆ ಎದ್ದರೆ ಬೆಳಗಲ್ ರಸ್ತೆ ನನ್ನಪ್ಪನದೇ! 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಐವತ್ತು ದಾಟಿದ ಅಣ್ಣಾವ್ರು ಯೋಗಾಸನ ಹಾಕಿದರಲ್ಲ, ಅಲ್ಲೇನು ಮೋಟಾರಿತ್ತೇ?

ಮೂರು ವಾರವಾಯಿತು. ಅವ್ವನೂ ಜೊತೆಗೆ ಬರುತ್ತಾಳೆ. ಇಪ್ಪತ್ತು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತ ಕಾಲು, ಆದರೂ ನನಗಿಂತ ಮುಂದೆ. ನಾಯಿಗಳಿಗೆ ಅವಳೇ ಕೋಲು. ತೂಕ ಇಳಿದಿದ್ದು ಒಂದೂವರೆ ಕೆ.ಜಿ. ಏಪ್ರಿಲ್ ಬಂದರೆ ಏನು ಮಾಡುತ್ತೇನೋ, ಆಗ ಬರೆಯುತ್ತೇನೆ.

ಮೊನ್ನೆ ಗಾಂಧಿನಗರದವರು ಮತ್ತೆ ಫೋನು ಮಾಡಿದ್ದರು. 12,000ಕ್ಕೆ ಇಳಿದಿದ್ದಾರೆ. ನಾನು ರಾಗ ಎಳೆಯುತ್ತಿದ್ದಾಗ ಒಳಗಿನಿಂದ ಅವ್ವ ಕೂಗಿದಳು: "ಬಟ್ಟಿ ಒಣಗಹಾಕಾಕ ನಮ್ಮ ಮನ್ಯಾಗ ಹಗ್ಗ ಐತಿ ಅಂತ ಹೇಳೋ!"