ಅಮೇರಿಕದ ರಾಜ್ಯಾಂಗ ಪರಿಷತ್ತು: ಯಾರಿಗಾಗಿ?

ಅಮೇರಿಕದ ರಾಜ್ಯಾಂಗವನ್ನು ತಿದ್ದಲು ಹೊಸದೊಂದು ಪರಿಷತ್ತನ್ನೇ ಕರೆಯಬೇಕೆಂಬ ಕೂಗು ಅಲ್ಲಿ ಹಲವು ವರ್ಷಗಳಿಂದ ನಡೆದಿದೆ. ದೂರದ ದೇಶದ ಮಾತು ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಕೂಗುವವರ ಕಣ್ಣು ಯಾವುದರ ಮೇಲಿದೆಯೆಂದು ನೋಡಿದರೆ ಇದೂ ಕೂಲಿಯ ಪ್ರಶ್ನೆಯೇ ಎಂದು ತಿಳಿಯುತ್ತದೆ.

ಆ ರಾಜ್ಯಾಂಗದ ಐದನೆಯ ವಿಧಿಯಲ್ಲಿ ತಿದ್ದುಪಡಿ ಸೂಚಿಸಲು ಎರಡು ದಾರಿಗಳಿವೆ. ಅಲ್ಲಿನ ಪಾರ್ಲಿಮೆಂಟಾದ ಕಾಂಗ್ರೆಸ್ಸೇ ಸೂಚಿಸುವುದು ಒಂದು. ಇದುವರೆಗಿನ 27 ತಿದ್ದುಪಡಿಗಳೂ ಹೀಗೆಯೇ ಬಂದವು. 50 ರಾಜ್ಯಗಳಲ್ಲಿ 34 ಕೇಳಿದರೆ ಪರಿಷತ್ತು ಕರೆಯುವುದು ಇನ್ನೊಂದು. ಈ ದಾರಿಯನ್ನು ಯಾರೂ ತುಳಿದಿಲ್ಲ. ಪ್ರತಿನಿಧಿಗಳನ್ನು ಆರಿಸುವವರಾರು, ಯಾವ ರಾಜ್ಯಕ್ಕೆ ಎಷ್ಟು ಮತ, ಚರ್ಚೆಗೆ ಎಲ್ಲೆಯೇನು, ಒಂದನ್ನೂ ವಿಧಿ ಹೇಳುವುದಿಲ್ಲ.

ವಿಷಯ ಗೊತ್ತುಮಾಡಿಯೇ ಕರೆಯುತ್ತೇವೆ ಎನ್ನುತ್ತಾರೆ. 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದವರಿಗೂ ಹಳೆಯ ಒಪ್ಪಂದವನ್ನು ಪರಿಷ್ಕರಿಸುವುದಷ್ಟೇ ಕೆಲಸವೆಂದು ಗೊತ್ತುಮಾಡಲಾಗಿತ್ತು. ಬಾಗಿಲು ಹಾಕಿಕೊಂಡು ಕುಳಿತರು. ಹೊರಬಂದಾಗ ಕೈಯಲ್ಲಿದ್ದುದು ಬೇರೆಯದೇ ರಾಜ್ಯಾಂಗ. ಹಳೆಯದನ್ನು ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಹೊಸದು 9 ಸಾಕೆಂದಿತು. ಅದರಿಂದ ಕೆಟ್ಟದ್ದೇನಾಯಿತು ಎನ್ನುವವರು, ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿದ ಅದರ ವಿಧಿಯನ್ನೂ ಓದಲಿ. ಇಂದು 38 ರಾಜ್ಯಗಳ ಒಪ್ಪಿಗೆಯೆಂಬ ಬೇಲಿ ಇದೆ, ನಿಜ. ಅಂದೂ ಬೇಲಿಯಿತ್ತು. ನಿವೃತ್ತ ಮುಖ್ಯ ನ್ಯಾಯಾಧೀಶ ವಾರೆನ್ ಬರ್ಗರ್ (ಅವರೇನೂ ಸಮಾಜವಾದಿಯಲ್ಲ) ಇಂಥ ಪರಿಷತ್ತಿಗೆ ಮೂಗುದಾರ ಹಾಕುವ ಬಗೆಯಿಲ್ಲವೆಂದು 1988ರಲ್ಲಿ ಬರೆದರು.

ಈಗ ಬೇಡಿಕೆಯನ್ನು ನೋಡೋಣ. 2022ರ ಹೊತ್ತಿಗೆ 19 ರಾಜ್ಯಗಳು ಅಂಗೀಕರಿಸಿದ್ದ ಮನವಿಯೊಂದು ಕೇಂದ್ರ ಸರ್ಕಾರದ ಖರ್ಚಿಗೂ ಅಧಿಕಾರಕ್ಕೂ ಕಡಿವಾಣ ಬೇಕೆನ್ನುತ್ತದೆ. ಕೇಳಲು ಹಿತ. 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಂಡ ಗಿರಣಿಯ ಮಾಲು ರಾಜ್ಯದ ಗಡಿ ದಾಟಬಾರದೆಂದು 1916ರಲ್ಲಿ ಅಲ್ಲಿನ ಕಾಂಗ್ರೆಸ್ಸು ಕಾನೂನು ಮಾಡಿತ್ತು. 1918ರಲ್ಲಿ, ಉತ್ತರ ಕೆರೋಲೈನದ ಹತ್ತಿ ಗಿರಣಿಯೊಂದರ ಮೊಕದ್ದಮೆಯಲ್ಲಿ, ಕೇಂದ್ರಕ್ಕೆ ಆ ಅಧಿಕಾರವೇ ಇಲ್ಲವೆಂದು ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಕೇಂದ್ರದ ಕೈ ಕಟ್ಟಿದರೆ ಯಾರ ಕೈ ಬಿಚ್ಚುತ್ತದೆಂಬುದನ್ನು ಆ ಮಕ್ಕಳು ಬಲ್ಲರು. 1938ರ ಕಾನೂನು ಗಂಟೆಗೆ 25 ಸೆಂಟು ಕನಿಷ್ಠ ಕೂಲಿ ಗೊತ್ತುಮಾಡಿ ಬಾಲದುಡಿಮೆಗೆ ತಡೆಯೊಡ್ಡಿತು. 1941ರಲ್ಲಿ ಅದೇ ಕೋರ್ಟು ಅದನ್ನು ಎತ್ತಿಹಿಡಿದು ಹಳೆಯ ತೀರ್ಪನ್ನು ತಳ್ಳಿಹಾಕಿತು. ರಾಜ್ಯ ರಾಜ್ಯಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ಕೇಂದ್ರದ ಅಧಿಕಾರವೇ ಅದಕ್ಕೆ ಆಧಾರ. ಆ ಅಧಿಕಾರಕ್ಕೆ ಕತ್ತರಿ ಬಿದ್ದರೆ, ಕೂಲಿ ಅಗ್ಗವಾಗಿರುವ ರಾಜ್ಯಕ್ಕೆ ಗಿರಣಿಗಳು ಗಂಟುಮೂಟೆ ಕಟ್ಟುತ್ತವೆ.

ಬಜೆಟ್ಟು ಪ್ರತಿವರ್ಷ ಸರಿತೂಗಲೇಬೇಕೆಂಬ ಬೇಡಿಕೆಯೂ ಉಂಟು. ಅಂಗಡಿಯವರಿಗೆ ಇದು ಮೆಚ್ಚಿಗೆಯಾದೀತು; ಲೆಕ್ಕ ಸರಿಯಿರಬೇಡವೆ? ಆದರೆ ವ್ಯಾಪಾರ ಕುಸಿದ ವರ್ಷ ತೆರಿಗೆಯೂ ಇಳಿಯುತ್ತದೆ. ಆಗಲೇ ನಿರುದ್ಯೋಗಿಯ ಭತ್ಯವನ್ನೂ ಮುದುಕರ ಪಿಂಚಣಿಯನ್ನೂ ಕಡಿದರೆ ಕೊಳ್ಳುವವರಾರು? ಉದ್ದರಿ ಪುಸ್ತಕ ದಪ್ಪವಾಗುತ್ತದೆ, ಗಲ್ಲಾ ಬರಿದಾಗುತ್ತದೆ.

ಚುನಾವಣೆಯಲ್ಲಿ ಹಣದ ಹಾವಳಿ ತಡೆಯಲು ಪರಿಷತ್ತೇ ಬೇಕೆನ್ನುವ ಪ್ರಗತಿಪರರೂ ಅಲ್ಲಿದ್ದಾರೆ. ಕಂಪನಿಗಳು ಚುನಾವಣೆಯಲ್ಲಿ ಮಿತಿಯಿಲ್ಲದೆ ಹಣ ಸುರಿಯಲು ಬಾಗಿಲು ತೆರೆದ 2010ರ ತೀರ್ಪಿನ ಮೇಲೆ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಹಣ ಪರಿಷತ್ತಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಗೆ ನಿಂತೀತೆಂದು ನಂಬುವುದು ಹೇಗೆ?

2016ರಲ್ಲಿ ಡೆಲವೇರ್, 2017ರಲ್ಲಿ ಮೇರಿಲ್ಯಾಂಡ್, ನೆವಾಡ, ನ್ಯೂ ಮೆಕ್ಸಿಕೊ ತಮ್ಮ ಹಳೆಯ ಮನವಿಗಳನ್ನು ಹಿಂತೆಗೆದುಕೊಂಡವು. ಉಳಿದ ರಾಜ್ಯಗಳ ಕಾರ್ಮಿಕ ಸಂಘಗಳೂ ತಮ್ಮ ಶಾಸನಸಭೆಗಳಿಂದ ಇದನ್ನೇ ಕೇಳಬೇಕು.