ಕೇಳಿ ಪಡೆಯಬೇಕಾದ ವಿದ್ಯೆ

1974ರ ಫೆಬ್ರುವರಿಯ ಒಂದು ಮುಂಜಾನೆ, ತೈಪೆ ನಗರದ ಸೋಯಾ ಹಾಲಿನ ಅಂಗಡಿಯೊಂದರಲ್ಲಿ ಉಪಾಹಾರಕ್ಕೆ ಕುಳಿತಿದ್ದ ತೈವಾನಿನ ಸಚಿವ ಸುನ್ ಯುನ್-ಸುವಾನ್ ಮೊದಲಾದವರಿಗೆ, ಅಮೆರಿಕದ ಆರ್‌ಸಿಎ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಪಾನ್ ವೆನ್-ಯುವಾನ್ ಅವರು, ಚಿಪ್ ತಯಾರಿಕೆಯ ವಿದ್ಯೆಯನ್ನು ಹೊರಗಿನಿಂದ ತಂದು ತಮ್ಮದಾಗಿಸಿಕೊಳ್ಳಬೇಕೆಂದು ಸೂಚಿಸಿದರು. 1976ರಲ್ಲಿ ಆರ್‌ಸಿಎಯೊಡನೆಯೇ ಒಪ್ಪಂದವಾದಾಗ ತೈವಾನಿನವರು ಪರವಾನಗಿಯ ಕಾಗದಗಳಿಂದ ತೃಪ್ತರಾಗದೆ, ತಮ್ಮ ತರುಣ ಎಂಜಿನಿಯರುಗಳನ್ನು ಆ ಸಂಸ್ಥೆಯ ಕಾರ್ಖಾನೆಗಳಿಗೇ ಕಳುಹಿಸಿ, ವಿನ್ಯಾಸದಿಂದ ಪರೀಕ್ಷೆಯವರೆಗಿನ ಸಮಸ್ತವನ್ನೂ ಕಲಿಯುವ ಅವಕಾಶವನ್ನು ಕೇಳಿ ಪಡೆದರು. ಮರುವರ್ಷ ತೈವಾನಿನ ಸಿಂಚುವಿನಲ್ಲಿ ಆರಂಭವಾದ ಮಾದರಿ ಕಾರ್ಖಾನೆಯು ಕೈಗಡಿಯಾರದ ಚಿಪ್‌ಗಳನ್ನು ತಯಾರಿಸತೊಡಗಿ, ಪ್ರತಿ ವೇಫರ್‌ನಲ್ಲಿ, ಅಂದರೆ ಚಿಪ್‌ಗಳನ್ನು ರೂಪಿಸುವ ಸಿಲಿಕಾನ್ ಬಿಲ್ಲೆಯಲ್ಲಿ, ದೋಷವಿಲ್ಲದೆ ದೊರೆಯುವ ಚಿಪ್‌ಗಳ ಪ್ರಮಾಣದಲ್ಲಿ ಅಲ್ಪಕಾಲದಲ್ಲೇ ಗುರುವನ್ನು ಮೀರಿಸಿತು. 1987ರಲ್ಲಿ ತೈವಾನಿನ ಚಿಪ್ ತಯಾರಿಕಾ ಸಂಸ್ಥೆ ಟಿಎಸ್‌ಎಂಸಿ ಹುಟ್ಟಿದಾಗ ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಬಂಡವಾಳದಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನ ಪಾಲನ್ನು ವಹಿಸಿಕೊಂಡು ತಂತ್ರಜ್ಞಾನವನ್ನೂ ಕೊಟ್ಟಿತಾದರೂ, ಕೊಟ್ಟುದನ್ನು ಅರಗಿಸಿಕೊಳ್ಳಬಲ್ಲ ಜನ ಅಷ್ಟರಲ್ಲಿ ಸಿದ್ಧರಾಗಿದ್ದರು.

ಈ ಉದ್ಯಮದ ಮರ್ಮವಿರುವುದು ಇಲ್ಲಿಯೇ. ನೂರಾರು ಹಂತಗಳನ್ನು ದಾಟಿ ಬರುವ ವೇಫರ್ ಕಣ್ಣಿಗೆ ಕಾಣದ ಧೂಳಿನ ಕಣವೊಂದರಿಂದಲೋ ಕುಲುಮೆಯ ತಾಪದಲ್ಲಾದ ಅಲ್ಪ ವ್ಯತ್ಯಾಸದಿಂದಲೋ ಕೆಡುವಾಗ, ದೋಷವು ಯಾವ ಹಂತದಲ್ಲಿ ಹೊಕ್ಕಿತೆಂಬುದನ್ನು ಯಂತ್ರದ ಬಳಿ ದಿನಗಟ್ಟಲೆ ನಿಂತು ಪಳಗಿದವನು ಹಿಡಿಯುವಷ್ಟು ಬೇಗ ಕೈಪಿಡಿ ಓದಿದವನು ಹಿಡಿಯಲಾರ. ಕಾರ್ಖಾನೆ ಬಂದ ಮಾತ್ರಕ್ಕೆ ಈ ಪಳಗುವಿಕೆ ಬಾರದು. ಮಲೇಶಿಯದ ಪೆನಾಂಗಿನಲ್ಲಿ ಇಂಟೆಲ್ ಸಂಸ್ಥೆ 1972ರಷ್ಟು ಹಿಂದೆಯೇ ನೆಲೆಯೂರಿ ಸಹಸ್ರಾರು ಜನರಿಗೆ ಉದ್ಯೋಗ ಕೊಟ್ಟಿತು. ಆದರೆ ಅಲ್ಲಿಗೆ ಬಂದುದು ಜೋಡಣೆ ಮತ್ತು ಪರೀಕ್ಷೆಯ ಕಾರ್ಯ, ವೇಫರ್ ತಯಾರಿಕೆಯ ವಿದ್ಯೆ ಬಹುಕಾಲ ಹೊರಗೇ ಉಳಿಯಿತು.

ನಮ್ಮಲ್ಲಿಯೂ 1984ರಲ್ಲಿ ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆಯು ಅಮೆರಿಕದ ತಂತ್ರಜ್ಞಾನದಿಂದ ಉತ್ಪಾದನೆಗೆ ತೊಡಗಿ ಭರವಸೆ ಹುಟ್ಟಿಸಿದ್ದಿತು. 1989ರ ಅಗ್ನಿ ದುರಂತ ಅದನ್ನು ವರ್ಷಗಟ್ಟಲೆ ಹಿಂದಕ್ಕೆ ನೂಕಿತು. ಈಗ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆಯು ತೈವಾನಿನ ಚಿಪ್ ತಯಾರಿಕಾ ಸಂಸ್ಥೆ ಪಿಎಸ್‌ಎಂಸಿಯ ಸಹಯೋಗದಿಂದ ಸುಮಾರು 91,000 ಕೋಟಿ ರೂಪಾಯಿಗಳ ಕಾರ್ಖಾನೆಯನ್ನು ಕಟ್ಟುತ್ತಿದೆ. ವೆಚ್ಚದ ಬಹುಭಾಗವು ಪ್ರಜೆಯ ತೆರಿಗೆಯಿಂದ ಸಲ್ಲುವುದಾದುದರಿಂದ, ನಮ್ಮ ಎಂಜಿನಿಯರುಗಳಲ್ಲಿ ಎಷ್ಟು ಮಂದಿ, ಎಷ್ಟು ಕಾಲ, ಯಾವ ಯಂತ್ರಗಳ ಬಳಿ ಕಲಿಯುವರು, ಕಲಿತ ವಿಧಾನವನ್ನು ತಿದ್ದಿ ಮುಂದುವರಿಸುವ ಅಧಿಕಾರ ಅವರಿಗುಂಟೆ ಎಂಬುದನ್ನು ಸಂಸತ್ತು ಕೇಳಿ ತಿಳಿಯಲೇಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಚಿಪ್ ವಿನ್ಯಾಸದಲ್ಲಿ ನುರಿತವರು ನಮ್ಮಲ್ಲಿ ಧಾರಾಳವಾಗಿ ಬೆಳೆದಿದ್ದಾರೆ; ತಯಾರಿಕೆಯ ಅಂಗಳದಲ್ಲಿ ಪಳಗಿದವರಾದರೋ ವಿರಳ. ಆದಕಾರಣ ತರಬೇತಿಗಾಗಿ ಪಿಎಸ್‌ಎಂಸಿಗೆ ಹೊರಡುವ ತಂಡಗಳಲ್ಲಿ ಕಂಪನಿಯ ನೌಕರರೊಡನೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೂ ಸ್ಥಾನ ದೊರೆಯುವಂತೆ ಸರ್ಕಾರವು ತನ್ನ ಅನುದಾನಕ್ಕೆ ಷರತ್ತು ವಿಧಿಸತಕ್ಕದ್ದು.