ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯು ಮನೆವಾರ್ತೆಗೆ ಮಾತ್ರವಲ್ಲದೆ ದೊಡ್ಡ ಉದ್ಯಮಗಳಿಗೂ ಅನ್ವಯಿಸುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿ, ಎರಡೇ ವರ್ಷಗಳಲ್ಲಿ ಅಳಿದುಹೋದ ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಆಟದ ಕಂಪನಿಯ ವೃತ್ತಾಂತವು ಇದಕ್ಕೆ ನಿದರ್ಶನ. ಮನೆಮನೆಯ ಯುವಕರೂ ಸ್ವಂತ ಉದ್ಯಮದ ಕನಸು ಕಾಣುತ್ತಿರುವ ಈ ದಿನಗಳಲ್ಲಿ ಅದನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

1982ರ ಏಪ್ರಿಲ್‌ನಲ್ಲಿ ಸಿಂಕ್ಲೇರ್ ಕಂಪನಿಯು ಸ್ಪೆಕ್ಟ್ರಮ್ ಎಂಬ ಪುಟ್ಟ ಗಣಕಯಂತ್ರವನ್ನು ಬಿಡುಗಡೆ ಮಾಡಿತು. ಅದರ ಆರಂಭದ ಬೆಲೆ 125 ಪೌಂಡ್. ಮನೆಯ ಟಿ.ವಿ.ಯೇ ಅದರ ಪರದೆ. ಹಾಡು ಕೇಳುವ ಟೇಪ್ ರೆಕಾರ್ಡರಿನಿಂದಲೇ ಆಟಗಳನ್ನು ಅದಕ್ಕೆ ತುಂಬಬಹುದಾಗಿತ್ತು. ಬುದ್ಧಿವಂತ ಹುಡುಗನೊಬ್ಬನು ತನ್ನ ಕೋಣೆಯಲ್ಲಿ ಕುಳಿತು ರಚಿಸಿದ ಆಟವೂ ಕ್ಯಾಸೆಟ್ ರೂಪದಲ್ಲಿ ದೇಶದಾದ್ಯಂತ ಮಾರಾಟವಾಗುವ ಕಾಲ ಬಂದಿತು. ಅದೇ ವರ್ಷ, ಬಗ್-ಬೈಟ್ ಎಂಬ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಡೇವಿಡ್ ಲಾಸನ್ ಮತ್ತು ಮಾರ್ಕ್ ಬಟ್ಲರ್ ಹೊರಬಂದು ಇಮ್ಯಾಜಿನ್ ಅನ್ನು ಸ್ಥಾಪಿಸಿದರು. ಲಾಸನ್ ರಚಿಸಿದ 'ಆರ್ಕೇಡಿಯಾ' ಎಂಬ ಮೊದಲ ಆಟವೇ ಭರದಿಂದ ಮಾರಾಟವಾಯಿತು.

ಬಂದರಿನ ವ್ಯಾಪಾರ ಕುಸಿದು ನಿರುದ್ಯೋಗದಿಂದ ನರಳುತ್ತಿದ್ದ ಲಿವರ್‌ಪೂಲಿಗೆ ಈ ತರುಣರು ಆಶಾಕಿರಣವಾಗಿ ಕಂಡರು. ಹದಿಹರೆಯದ ಯೂಜೀನ್ ಇವಾನ್ಸ್‌ಗೆ ವರ್ಷಕ್ಕೆ 35,000 ಪೌಂಡ್ ಸಂಬಳವೆಂದು ಪತ್ರಿಕೆಗಳು ಬಣ್ಣಿಸಿದವು. ಕಂಪನಿಯ ಬಾಗಿಲಲ್ಲಿ ದುಬಾರಿ ಕಾರುಗಳು ನಿಂತವು. ಇಲ್ಲಿಯವರೆಗಿನದು ಪ್ರತಿಭೆಗೆ ದೊರೆತ ಫಲ. ಅದರಲ್ಲಿ ನಾವು ದೋಷವೆಣಿಸಲಾರೆವು.

ಆದರೆ ಕೀರ್ತಿಯು ಲೆಕ್ಕಕ್ಕಿಂತ ಮುಂದೆ ಓಡತೊಡಗಿತು. 1983ರ ಕ್ರಿಸ್‌ಮಸ್ ಸಮಯದಲ್ಲಿ ಪ್ರತಿಸ್ಪರ್ಧಿಗಳಿಗೆ ಕ್ಯಾಸೆಟ್ ನಕಲು ಮಾಡಿಸಲು ಅವಕಾಶವೇ ಸಿಗದಿರಲೆಂದು, ನಕಲು ಕಾರ್ಖಾನೆಯ ಸಾಮರ್ಥ್ಯವನ್ನೆಲ್ಲ ಕಂಪನಿಯೇ ಕಾದಿರಿಸಿಕೊಂಡಿತೆಂದು ವರದಿಗಳಿವೆ. ಪರರ ದಾರಿಗೆ ಅಡ್ಡ ಹಾಕಿದ ಬೇಲಿ ತನ್ನ ಕಾಲಿಗೇ ತೊಡರಿತು; ಮಾರಾಟವಾಗದ ಕ್ಯಾಸೆಟ್ಟುಗಳ ರಾಶಿ ಗೋದಾಮಿನಲ್ಲಿ ಉಳಿಯಿತು.

ಇದಕ್ಕಿಂತಲೂ ಘೋರವಾದುದು 'ಮೆಗಾಗೇಮ್' ಪ್ರಸಂಗ. 'ಬ್ಯಾಂಡರ್‌ಸ್ನ್ಯಾಚ್' ಮತ್ತು 'ಸೈಕ್ಲ್ಯಾಪ್ಸ್' ಎಂಬ ಎರಡು ಮಹಾ ಆಟಗಳು ಬರಲಿವೆಯೆಂದು ಕಂಪನಿಯು ಸಾರಿತು. ಗಣಕದ ಅಲ್ಪ ಸ್ಮರಣಶಕ್ತಿ ಅವುಗಳಿಗೆ ಸಾಲದಾದುದರಿಂದ, ಹಿಂಬದಿಗೆ ಜೋಡಿಸುವ ಹೆಚ್ಚುವರಿ ಸಾಧನವೊಂದನ್ನೂ ಜೊತೆಯಲ್ಲಿ ಮಾರುವ ಯೋಜನೆಯಿತ್ತು. ಅವರ ಇತರ ಆಟಗಳ ಬೆಲೆ ಸುಮಾರು ಐದೂವರೆ ಪೌಂಡ್. ಇದರದು 40 ಪೌಂಡಿನಷ್ಟು! ರಚನಕಾರರ ಭಾವಚಿತ್ರಗಳೊಡನೆ ಪತ್ರಿಕೆಗಳಲ್ಲಿ ಜಾಹೀರಾತುಗಳು ಮೆರೆದವು. ಆಟಗಳು ಮಾತ್ರ ಸಿದ್ಧವಾಗಲೇ ಇಲ್ಲ.

ಯಶಸ್ಸಿನ ಕಥೆಯನ್ನು ಚಿತ್ರಿಸಲು ಬಂದಿದ್ದ ಬಿ.ಬಿ.ಸಿ. ತಂಡದ ಕ್ಯಾಮರಾಗಳ ಎದುರಿನಲ್ಲಿಯೇ ಕಂಪನಿ ಕುಸಿಯಿತು. ಮಧ್ಯಾಹ್ನದ ಊಟಕ್ಕೆ ಹೋದವರು ಮರಳಿ ಬರುವಷ್ಟರಲ್ಲಿ ಜಪ್ತಿಯ ಅಧಿಕಾರಿಗಳು ಕಚೇರಿಯನ್ನು ವಶಪಡಿಸಿಕೊಂಡಿದ್ದರು. 1984ರ ಜುಲೈ 9ರಂದು ಲಂಡನ್ನಿನ ಹೈಕೋರ್ಟು ಕಂಪನಿಯನ್ನು ಮುಚ್ಚಲು ಆದೇಶಿಸಿತು. ಅರ್ಜಿ ಹಾಕಿದ್ದವರು ಯಾರು? ಜಾಹೀರಾತಿನ ಹಣ ಬಾರದ ಪತ್ರಿಕಾ ಪ್ರಕಾಶಕರು! ಬಾಕಿಯ ಒಂದು ಭಾಗವಾಗಿ ಕೊಡಬೇಕಾಗಿದ್ದ 10,000 ಪೌಂಡ್ ಕೂಡ ಆ ದಿನ ಹೊಂದಲಿಲ್ಲ. ಯಾವ ಕುಲಾವಿಯನ್ನು ಮುಂಚಿತವಾಗಿ ಹೊಲಿಸಿದ್ದರೋ, ಅದರ ಹೊಲಿಗೆಯ ಕೂಲಿಯೇ ಕೊರಳಿಗೆ ಉರುಳಾಯಿತು.

ಕಂಪನಿಯ ಹೆಸರನ್ನು ಮ್ಯಾಂಚೆಸ್ಟರಿನ ಓಷನ್ ಸಂಸ್ಥೆ ಕೊಂಡಿತು. ಆದರೆ ವಿದ್ಯೆಯನ್ನು ಯಾರೂ ಜಪ್ತಿ ಮಾಡಲಾರರಷ್ಟೆ? ಲಾಸನ್ ಮತ್ತು ಇಮ್ಯಾಜಿನ್‌ನಲ್ಲಿಯೇ ಇದ್ದ ಇಯಾನ್ ಹೆದರಿಂಗ್‌ಟನ್ ಮುಂತಾದವರು ಅದೇ ನಗರದಲ್ಲಿ ಸಿಗ್ನೋಸಿಸ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿದರು. 1991ರಲ್ಲಿ ಜಗತ್ತಿನ ಮಕ್ಕಳನ್ನೆಲ್ಲ ಮರುಳುಮಾಡಿದ 'ಲೆಮ್ಮಿಂಗ್ಸ್' ಆಟವನ್ನು ಪ್ರಕಟಿಸಿದ್ದು ಆ ಸಂಸ್ಥೆಯೇ. 1993ರಲ್ಲಿ ಸೋನಿ ಅದನ್ನು ಕೊಂಡಿತು. 2012ರವರೆಗೂ ಲಿವರ್‌ಪೂಲಿನಲ್ಲಿ ಅದರ ಕೆಲಸ ನಡೆಯಿತು.

ಆ ತರುಣರಿಗೆ ಪ್ರತಿಭೆಯ ಕೊರತೆಯಿರಲಿಲ್ಲ, ದುಡಿಮೆಯ ಕೊರತೆಯೂ ಇರಲಿಲ್ಲ. ಈ ತಿಂಗಳು ಬಂದುದೆಷ್ಟು, ಕೊಡಬೇಕಾದುದೆಷ್ಟು ಎಂದು ಲೆಕ್ಕ ಹಿಡಿದು ಕೇಳುವವರ ಮಾತು ಅಲ್ಲಿ ನಡೆಯದೆ ಹೋಯಿತು. ಮಗನೋ ಮಗಳೋ ಉದ್ಯಮ ಆರಂಭಿಸುವೆನೆಂದಾಗ ಹಿರಿಯರು ಹೆದರಿಸಬೇಕಾಗಿಲ್ಲ, ಹೊಗಳಿ ಅಟ್ಟಕ್ಕೇರಿಸಬೇಕಾಗಿಯೂ ಇಲ್ಲ. ತಿಂಗಳಿಗೊಮ್ಮೆ ಬಳಿಯಲ್ಲಿ ಕುಳಿತು ಲೆಕ್ಕದ ಪುಸ್ತಕವನ್ನು ತೆರೆಸಿ ನೋಡಿದರೆ, ಅದು ಅವರು ಕೊಡುವ ಬಂಡವಾಳಕ್ಕಿಂತಲೂ ಹೆಚ್ಚಿನ ಉಪಕಾರವಾದೀತೆಂದು ನಾವು ನಂಬುತ್ತೇವೆ.